ಸೂಜಿ–ದಾರ: ಕೌದಿಗೆ ನಕ್ಷೆ ಬೇಡ, ಬಟ್ಟೆ ಸಾಕು

ಹೋದ ಸಲ ಹಳೇ ಬಟ್ಟೆಯಿಂದ ಕೌದಿ ಹೊಲಿಯುವ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ರಾಶಿ ಪತ್ರ ಬಂದಿವೆ. ಎಲ್ಲಕ್ಕೂ ಇಲ್ಲಿ ಜಾಗ ಸಾಲುವುದಿಲ್ಲ. ಹಾಗಾಗಿ ಹೆಚ್ಚು ಜನ ಕೇಳಿದ್ದನ್ನು ಆರಿಸಿಕೊಂಡಿದ್ದೇನೆ.

ಅಕ್ಕಾ, ಮನೆಯಲ್ಲಿ ಚೀಲಗಟ್ಟಲೆ ಹಳೇ ಸೀರೆ, ಚೂಡಿದಾರ, ಮಕ್ಕಳ ಅಂಗಿ ಬಿದ್ದಿವೆ. ವಿಡಿಯೋ ನೋಡಿದರೆ ಅಳತೆ ಪಟ್ಟಿ, ಕತ್ತರಿಸುವ ಚಕ್ರ, ಗ್ರಾಫ್ ಹಾಳೆ ಎಲ್ಲಾ ಬೇಕು ಅಂತಾರೆ. ನನ್ನ ಹತ್ತಿರ ಕತ್ತರಿ ಒಂದೇ ಇರೋದು. ಶುರು ಮಾಡಬಹುದಾ?
— ಓದುಗರು, ದಾವಣಗೆರೆ

ಇವತ್ತೇ ಶುರು ಮಾಡಿ. ಆ ಸಾಮಾನು ಯಾವುದೂ ಬೇಕಿಲ್ಲ.

ವಿಡಿಯೋಗಳಲ್ಲಿ ನೀವು ನೋಡಿದ್ದು ಬೇರೆ ಪದ್ಧತಿ. ಅದರಲ್ಲಿ ಮೊದಲು ತುಂಡುಗಳನ್ನೆಲ್ಲ ಒಂದಕ್ಕೊಂದು ಜೋಡಿಸಿ ಮೇಲಿನ ಪದರ ಮಾಡಿಕೊಳ್ಳುತ್ತಾರೆ, ಅಡಿಬಟ್ಟೆಗೆ ಸೇರಿಸುವುದು ಆಮೇಲೆ. ಹಾಗಾಗಿ ಒಂದು ತುಂಡು ಕಾಲು ಇಂಚು ತಪ್ಪಿದರೂ ಇಡೀ ಸಾಲು ತಪ್ಪುತ್ತದೆ, ಅಳತೆ ಪಟ್ಟಿ ಬೇಕಾಗುವುದು ಅದಕ್ಕೇ. ನಮ್ಮ ಉತ್ತರ ಕನ್ನಡದ ಸಿದ್ದಿ ಹೆಂಗಸರು ಮಾಡುವ ರೀತಿ ನೋಡಿ, ಅದರಲ್ಲಿ ಈ ತಾಪತ್ರಯವೇ ಇಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಕಾಡಂಚಿನ ಊರುಗಳಲ್ಲಿ ಇವರಿದ್ದಾರೆ. ಆಫ್ರಿಕಾ ಮೂಲದವರು. ಪೋರ್ಚುಗೀಸರ ಕಾಲದಲ್ಲಿ ಗೋವಾಕ್ಕೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ವಂಶದವರು ಇವರಲ್ಲಿ ಬಹಳ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ, ಮೂವರ ಮನೆಯಲ್ಲೂ ಕೌದಿ ಇದೆ. ಕವಂದಿ ಅಂತಲೂ ಕರೆಯುತ್ತಾರೆ.

ಅವರು ಮಾಡುವುದು ಹೀಗೆ. ಒಂದು ಹಳೇ ಹತ್ತಿ ಸೀರೆಯನ್ನು ನೆಲದ ಮೇಲೆ ಹಾಸುತ್ತಾರೆ. ಮೂಲೆಯಲ್ಲಿ ಮೊದಲ ತುಂಡು ಇಟ್ಟು, ಅದರ ಅಂಚನ್ನು ಬೆರಳಲ್ಲೇ ಒಳಗೆ ಮಡಚಿ, ಅಡಿಬಟ್ಟೆ ಸಮೇತ ಸಾದಾ ಓಟದ ಹೊಲಿಗೆ, ಅಂದರೆ ಸೂಜಿ ಮೇಲೆ ಕೆಳಗೆ ಹೋಗುತ್ತಾ ಮುಂದೆ ಸಾಗುವ ಹೊಲಿಗೆ, ಹಾಕುತ್ತಾ ಹೋಗುತ್ತಾರೆ. ಪಕ್ಕದ ತುಂಡು ಮೊದಲಿನದರ ಮೇಲೆ ಸ್ವಲ್ಪ ಹತ್ತಿ ಕೂರುತ್ತದೆ. ಹೀಗೆ ಅಂಚಿನುದ್ದಕ್ಕೂ ನಾಲ್ಕೂ ಬದಿ ಮುಗಿಸಿ, ಮತ್ತೆ ಅದರ ಒಳಗಿನ ಸುತ್ತು, ಅದರ ಒಳಗೆ ಇನ್ನೊಂದು ಸುತ್ತು, ಕೊನೆಗೆ ಸೂಜಿ ನಡುವಿಗೆ ಬಂದು ನಿಲ್ಲುತ್ತದೆ. ಜೋಡಿಸುವುದು, ಪದರ ಸೇರಿಸುವುದು ಎರಡೂ ಒಂದೇ ಹೊಲಿಗೆಯಲ್ಲಿ ಆಗಿಹೋಗುತ್ತದೆ. ಮುಂದಿನ ತುಂಡು ಯಾವುದು ಅಂತ ಮೊದಲೇ ತೀರ್ಮಾನ ಮಾಡಬೇಕಿಲ್ಲ, ಉಳಿದ ಜಾಗ ನೋಡಿ ಕೈಗೆ ಸಿಕ್ಕಿದ್ದರಲ್ಲಿ ಹೊಂದುವುದನ್ನು ಇಡುವುದು. ಕೊನೆಯಲ್ಲಿ ನಾಲ್ಕು ಮೂಲೆಗೂ ಮಡಿಸಿದ ಚಿಕ್ಕ ಚಿಕ್ಕ ತುಂಡುಗಳ ಗೊಂಚಲು ಹಾಕುತ್ತಾರೆ. ಅದಕ್ಕೆ ಫೂಲ ಅಂತ ಹೆಸರು. ಫೂಲ ಇಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ.

ನೀವು ದೊಡ್ಡದಕ್ಕೆ ಕೈ ಹಾಕಬೇಡಿ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಮಗುವಿನ ಕೌದಿ ಸಾಕು. ಅಂಗೈಗಿಂತ ಚಿಕ್ಕ ತುಂಡುಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ, ಅವು ಮೂಲೆಗೆ, ಸಂದಿಗೆ ಆಗುತ್ತವೆ. ಹತ್ತಿ ಬಟ್ಟೆಯನ್ನು ಕತ್ತರಿಯಲ್ಲಿ ಒಂದು ಚೂರು ಸೀಳಿ ಕೈಯಲ್ಲೇ ಹರಿದರೆ ಎಳೆ ಹಿಡಿದುಕೊಂಡೇ ನೆಟ್ಟಗೆ ಹರಿಯುತ್ತದೆ. ಇನ್ನು ಅಳತೆ ಪಟ್ಟಿ ಯಾಕೆ ಹೇಳಿ?

ಯಾವ ಸೂಜಿ, ಯಾವ ದಾರ? ನಮ್ಮೂರಿನ ಅಂಗಡಿಯಲ್ಲಿ ಕೇಳಿದರೆ ದಬ್ಬಣ ಕೊಟ್ಟರು.
— ಓದುಗರು, ಹಾಸನ

ದಬ್ಬಣ ಗೋಣಿಚೀಲಕ್ಕೆ ಸರಿ, ಕೌದಿಗೆ ಬೇಡ. ಅದು ಬಟ್ಟೆಯಲ್ಲಿ ತೂತು ಮಾಡುತ್ತದೆ. ಉದ್ದನೆಯ, ಕಣ್ಣು ಸ್ವಲ್ಪ ದೊಡ್ಡದಿರುವ ಕೈಹೊಲಿಗೆ ಸೂಜಿ ಕೇಳಿ. ಸೂಜಿಯ ನಂಬರ್ ಜಾಸ್ತಿ ಆದಷ್ಟೂ ಸೂಜಿ ಸಣ್ಣದಾಗುತ್ತದೆ, ಇದು ನೆನಪಿರಲಿ. ದಾರ ದಪ್ಪ ಹತ್ತಿಯದೇ ಇರಲಿ. ನೈಲಾನ್ ದಾರ ಗಟ್ಟಿ ಅಂತ ತಗೋಬೇಡಿ, ಹಳೇ ಮೆತ್ತನೆ ಬಟ್ಟೆಯನ್ನು ಅದು ಬರಬರುತ್ತಾ ಕೊಯ್ದುಬಿಡುತ್ತದೆ. ಒಂದೂವರೆ ಮೊಳಕ್ಕಿಂತ ಉದ್ದ ದಾರ ಪೋಣಿಸಬೇಡಿ, ಗಂಟಾಗುತ್ತದೆ. ಮೇಣದಬತ್ತಿಯ ಮೇಲೆ ಒಮ್ಮೆ ಎಳೆದುಕೊಂಡರೆ ಸರಾಗವಾಗಿ ಓಡುತ್ತದೆ.

ಅಕ್ಕಾರ, ನಮ್ಮವ್ವ ಹೋಗಿ ವರ್ಷಾತು. ಅವ್ವನ ಇಳಕಲ್ ಸೀರಿ ಐದಾರು ಅದಾವು. ಟ್ರಂಕಿನ್ಯಾಗ ಇಟ್ಟರ ಹುಳ ಹಿಡಿತಾವು, ಕತ್ತರಿ ಹಾಕಾಕ ಮನಸ್ಸಾಗವಲ್ದು. ಏನ್ ಮಾಡ್ಲಿ?
— ಓದುಗರು, ಗದಗ

ತಂಗೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕತ್ತರಿ ಹಾಕಲೇಬೇಕು ಅಂತ ಯಾವ ಕಟ್ಟಳೆಯೂ ಇಲ್ಲ.

ಸೀರೆಗಳನ್ನು ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿ. ನೆರಿಗೆ ಸಿಕ್ಕಿಸುವ ಜಾಗ, ಕಾಲಿಗೆ ತಾಗುವ ಅಂಚು, ಹೆಗಲ ಮೇಲೆ ಬರುವ ಭಾಗ, ಇಷ್ಟು ಕಡೆ ಬಟ್ಟೆ ಸವೆದು ಬೆಳಕು ಆಚೆ ಕಾಣುತ್ತದೆ. ಉಳಿದದ್ದು ಗಟ್ಟಿಯಾಗಿಯೇ ಇರುತ್ತದೆ. ಸಾಂಪ್ರದಾಯಿಕ ಇಳಕಲ್ ಸೀರೆಯ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಎರಡರ ಹಾಸು ಎಳೆಗಳನ್ನು, ಅಂದರೆ ಉದ್ದುದ್ದ ಹೋಗುವ ಎಳೆಗಳನ್ನು, ಕುಣಿಕೆ ಹಾಕಿ ಸೇರಿಸಿ ನೇಯ್ದಿರುತ್ತಾರೆ, ತೋಪು ತೆನೆ ಅಂತಾರಲ್ಲ, ಅದು. ನೀರಿಗೆ ಬಿದ್ದರೆ ಹತ್ತಿ ಕುಗ್ಗುವ ರೀತಿ ಬೇರೆ, ರೇಷ್ಮೆಯದು ಬೇರೆ. ಹಾಗಾಗಿ ಎರಡನ್ನೂ ಒಂದೇ ಕೌದಿಯ ಮೇಲೆ ತುಂಡು ಮಾಡಿ ಹಾಕಿದರೆ ಒಂದೆರಡು ಒಗೆತಕ್ಕೇ ಸುಕ್ಕು ಹಿಡಿಯುತ್ತದೆ.

ನಾನಾಗಿದ್ದರೆ ಇಷ್ಟು ಮಾಡುತ್ತಿದ್ದೆ. ಅತಿ ಚೆನ್ನಾಗಿರುವ ಒಂದು ಸೀರೆಯನ್ನು ಮುಟ್ಟದೆ ಉಡೋಕೆ ಇಟ್ಟುಕೊಳ್ಳುತ್ತಿದ್ದೆ. ತೀರಾ ಸವೆದ ಎರಡನ್ನು ಒಳಪದರಕ್ಕೆ ಹಾಸುತ್ತಿದ್ದೆ, ಅವು ಮೆತ್ತಗಿರುತ್ತವೆ, ಮೈಗೆ ಹಿತ. ಉಳಿದವುಗಳ ಒಡಲನ್ನು ಕತ್ತರಿಸದೆ ಉದ್ದಕ್ಕೇ ಮಡಚಿ ಮೇಲ್ಪದರ ಮಾಡಿ, ಸೀರೆಯ ಅಂಚಿನ ದಡಿ ಗೋಮಿಯೋ ಗಾಡಿಯೋ ಯಾವ ಬಗೆಯದಿದೆಯೋ ಅದನ್ನು ಕೌದಿಯ ನಾಲ್ಕೂ ಅಂಚಿಗೆ ಬರುವ ಹಾಗೆ ಕೂರಿಸುತ್ತಿದ್ದೆ. ಸುಮಾರು 5.5 ಮೀಟರಿನ ಸೀರೆಯನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿದರೆ 1.8 ಮೀಟರ್ ಬರುತ್ತದೆ, ಒಬ್ಬರು ಹೊದೆಯೋಕೆ ಸರಿಯಾಗುತ್ತದೆ. ಸೆರಗುಗಳನ್ನು ಬೇರೆಯಾಗಿ ತೆಗೆದಿಟ್ಟು ದಿಂಬಿನ ಚೀಲ ಮಾಡಿ. ಅಕ್ಕ–ತಂಗಿಯರು, ಮೊಮ್ಮಕ್ಕಳು ಇದ್ದರೆ ಎಲ್ಲರಿಗೂ ಒಂದೊಂದು ಬರುತ್ತದೆ.

ಟ್ರಂಕಿನಲ್ಲಿ ಇಟ್ಟ ಸೀರೆ ವರ್ಷಕ್ಕೊಮ್ಮೆ ಕಣ್ಣಿಗೆ ಬೀಳುತ್ತದೆ. ಹೊದ್ದುಕೊಂಡ ಸೀರೆ ದಿನಾ ಮೈಮೇಲಿರುತ್ತದೆ. ನಿಧಾನ ಮಾಡಿ, ಅವಸರವೇನಿಲ್ಲ.

ಅಂಚು ಚೆನ್ನಾಗಿ ಬಂತು, ಆದರೆ ನಡುವೆ ಬಟ್ಟೆ ಉಬ್ಬಿಕೊಂಡಿದೆ. ತುಂಡುಗಳೂ ಸೊಟ್ಟ. ಅತ್ತೆ ನೋಡಿ "ಬಿಚ್ಚಿ ಮತ್ತೆ ಹೊಲಿ" ಅಂದರು. ಬಿಚ್ಚಬೇಕಾ?
— ಓದುಗರು, ತುಮಕೂರು

ಬೇಡ, ಬಿಚ್ಚಬೇಡಿ. ಉಬ್ಬಿಗೆ ಎರಡು ಕಾರಣ ಇರಬಹುದು. ದಾರ ಬಿಗಿ ಎಳೆದರೆ ಅಡಿಬಟ್ಟೆ ಕುಗ್ಗಿ ಮೇಲಿನದು ಉಬ್ಬುತ್ತದೆ. ಇಲ್ಲಾ, ಎಳೆಗೆ ಓರೆಯಾಗಿ ಕತ್ತರಿಸಿದ ತುಂಡು ಇದ್ದರೆ ಅದು ಹೊಲಿಯುವಾಗಲೇ ಹಿಗ್ಗಿಕೊಳ್ಳುತ್ತದೆ. ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ, ರಬ್ಬರಿನ ಹಾಗೆ ಹಿಗ್ಗಿದರೆ ಅದು ಓರೆ ತುಂಡು. ಈಗ ಉಬ್ಬಿರುವ ಜಾಗದಲ್ಲಿ ಒಂದು ಚಿಕ್ಕ ನೆರಿಗೆ ಹಿಡಿದು ಮಲಗಿಸಿ, ಅದರ ಮೇಲೆ ಬೇರೆ ಬಣ್ಣದ ತುಂಡು ಹಾಕಿ ಹೊಲಿದುಬಿಡಿ. ಅಲ್ಲೊಂದು ಹೊಸ ಬಣ್ಣ ಬಂದ ಹಾಗೂ ಆಯಿತು.

ಸೊಟ್ಟ ತುಂಡಿನ ಬಗ್ಗೆ ಅತ್ತೆಯವರಿಗೆ ಒಂದು ವಿಷಯ ಹೇಳಿ. ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಅಂತ ಒಂದು ಊರಿದೆ. ಹೊಲದಲ್ಲಿ ದುಡಿಯುವ ಕಪ್ಪು ಜನರ ಊರು. ಅಲ್ಲಿನ ಹೆಂಗಸರು ಗಂಡಂದಿರ ಹರಿದ ಪ್ಯಾಂಟು, ಕೆಲಸದ ಅಂಗಿಗಳಿಂದಲೇ ಹೊದಿಕೆ ಹೊಲಿದುಕೊಂಡರು. ಸೊಟ್ಟ ಪಟ್ಟಿಗಳು, ಒಂದಕ್ಕೊಂದು ಸರಿಹೋಗದ ಚೌಕಗಳು, ನಡುವೆ ಎಲ್ಲೋ ಥಟ್ಟನೆ ಒಂದು ಕೆಂಪು. 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ ಅವುಗಳ ಪ್ರದರ್ಶನ ಆಯಿತು, ಆಮೇಲೆ ನ್ಯೂಯಾರ್ಕಿಗೂ ಹೋಯಿತು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವುಗಳ ಚಿತ್ರ ಹಾಕಿ ಅಂಚೆಚೀಟಿ ತಂದಿತು. ಬಟ್ಟೆ ಇದ್ದ ಹಾಗೆ ಹೊಲಿದದ್ದರಿಂದಲೇ ಅವಕ್ಕೆ ಆ ಕಳೆ ಬಂದದ್ದು ಅಂತ ನಾನು ನಂಬಿದ್ದೇನೆ. ಹೊಲಿಗೆ ಮಾತ್ರ ಗಟ್ಟಿ ಇರಬೇಕು. ಅದರಲ್ಲಿ ರಾಜಿ ಬೇಡ. ಅತ್ತೆಯವರು ಅದನ್ನು ಪರೀಕ್ಷೆ ಮಾಡಲಿ.

ಬಣ್ಣ ಹೊಂದಿಸುವುದು ಹೇಗೆ? ನನಗೆ ಬಣ್ಣದ ಜ್ಞಾನವೇ ಇಲ್ಲ. ಇನ್ನೊಂದು, ಕೆಂಪು ಬಟ್ಟೆ ಬಣ್ಣ ಬಿಟ್ಟರೆ ಏನು ಗತಿ?
— ಓದುಗರು, ಬೆಂಗಳೂರು

ಬಣ್ಣದ ಜ್ಞಾನ ಇಲ್ಲ ಅಂತೀರಿ, ಆದರೆ ದಿನಾ ಸೀರೆಗೆ ರವಿಕೆ ಹೊಂದಿಸಿಕೊಂಡೇ ಉಡುತ್ತೀರಿ ಅಲ್ವಾ? ಅದೇ ಕಣ್ಣು ಸಾಕು. ತುಂಡುಗಳನ್ನು ಬಣ್ಣದ ಪ್ರಕಾರ ಬೇಡ, ತಿಳಿ ಮತ್ತು ಗಾಢ ಅಂತ ಎರಡು ಗುಡ್ಡೆ ಮಾಡಿ. ಅನುಮಾನ ಬಂದರೆ ಕಣ್ಣು ಅರ್ಧ ಮುಚ್ಚಿ ನೋಡಿ, ಗೊತ್ತಾಗುತ್ತದೆ. ಒಂದು ಗಾಢದ ಪಕ್ಕ ಒಂದು ತಿಳಿ ಬರುತ್ತಾ ಹೋದರೆ ಯಾವ ಬಣ್ಣ ಇಟ್ಟರೂ ಎದ್ದು ಕಾಣುತ್ತದೆ. ಹೂವಿನ ಬಟ್ಟೆಗೆ ಹೂವಿನ ಬಟ್ಟೆ ತಾಗಿಸಬೇಡಿ, ಮಧ್ಯೆ ಒಂದು ಸಾದಾ ತುಂಡು ಇರಲಿ. ಒಂದು ಬಣ್ಣವನ್ನು, ಉದಾಹರಣೆಗೆ ಅರಿಶಿನವನ್ನು, ದೂರ ದೂರಕ್ಕೆ ಅಲ್ಲಲ್ಲಿ ಹಾಕಿ. ಕಣ್ಣು ಅದನ್ನು ಹುಡುಕಿಕೊಂಡು ಇಡೀ ಕೌದಿ ಸುತ್ತುತ್ತದೆ.

ಕೆಂಪು, ಕಡು ನೀಲಿ, ಕಪ್ಪು, ಈ ಮೂರನ್ನು ಹೊಲಿಯುವ ಮೊದಲೇ ಪರೀಕ್ಷೆ ಮಾಡಲೇಬೇಕು. ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಇಟ್ಟು ಒತ್ತಿ. ಬಣ್ಣ ಅಂಟಿದರೆ ಅದನ್ನು ಬೇರೆಯಾಗಿ ಒಗೆಯಿರಿ, ನೀರು ತಿಳಿಯಾಗುವವರೆಗೂ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತೆ ಅಂತ ಎಲ್ಲರೂ ಹೇಳುತ್ತಾರೆ, ಅದನ್ನು ನಂಬಿಕೊಂಡು ಕೂರಬೇಡಿ. ಹೆಚ್ಚುವರಿ ಬಣ್ಣ ಹೋಗಬೇಕಾದರೆ ಒಗೆದೇ ಹೋಗಬೇಕು. ಎಷ್ಟು ಒಗೆದರೂ ಬಿಡುತ್ತಲೇ ಇದ್ದರೆ ಆ ಬಟ್ಟೆ ಕೌದಿಗೆ ಬೇಡ, ನೆಲ ಒರೆಸೋಕೆ ಹಾಕಿ.

ನಾನು ಕಸೂತಿ ಕಲಿಯುತ್ತಿದ್ದೇನೆ. ಕೌದಿಯ ತುಂಡುಗಳ ಮೇಲೆ ಗೋಪುರ, ತುಳಸಿಕಟ್ಟೆ ಹಾಕಬಹುದಾ?
— ವಿದ್ಯಾರ್ಥಿನಿ, ಧಾರವಾಡ

ಹಾಕಬಹುದು, ಆದರೆ ಸವೆದ ಬಟ್ಟೆಯ ಮೇಲಲ್ಲ. ಕಸೂತಿಯ ಗವಂತಿ, ಮುರ್ಗಿ, ನೇಗಿ, ಮೆಂತಿ, ಈ ನಾಲ್ಕೂ ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆಗಳು. ಹಳೇ ಬಟ್ಟೆಯಲ್ಲಿ ಎಳೆ ಸರಿದು ಎಣಿಕೆ ತಪ್ಪುತ್ತದೆ. ಎಳೆ ಸುಲಭವಾಗಿ ಎಣಿಸಲು ಬರುವ ಮ್ಯಾಟಿ ಬಟ್ಟೆಯ ಚೌಕದ ಮೇಲೆ ಕಸೂತಿ ಮುಗಿಸಿಕೊಂಡು, ಆ ಚೌಕವನ್ನು ಕೌದಿಯ ನಡುವೆ ಕೂರಿಸಿ. ಗವಂತಿಯಲ್ಲಿ ಹಿಂದೆ ಮುಂದೆ ಒಂದೇ ಥರ ಕಾಣಲಿ ಅಂತ ಗಂಟು ಹಾಕದೆ ಅಷ್ಟು ಕಷ್ಟಪಡುತ್ತೀರಿ, ಕೌದಿಯಲ್ಲಿ ಹಿಂಭಾಗ ಮುಚ್ಚಿಹೋಗುತ್ತದೆ. ಆದರೂ ಗಂಟು ಹಾಕುವ ಅಭ್ಯಾಸ ಮಾಡಿಕೊಳ್ಳಬೇಡಿ. ಕೈಗೆ ಒಮ್ಮೆ ಅಂಟಿದರೆ ಬಿಡುವುದಿಲ್ಲ.

ನಾನು ನಿವೃತ್ತ ಮೇಷ್ಟ್ರು, 70 ದಾಟಿದೆ. ಸೊಸೆ ಕೌದಿ ಹೊಲಿಯುವುದನ್ನು ನೋಡಿ ನನಗೂ ಆಸೆ. ಗಂಡಸು, ಈ ವಯಸ್ಸಲ್ಲಿ, ಅಂತ ಸಂಕೋಚ. ಕಣ್ಣೂ ಮಂಜು.
— ಓದುಗರು, ಶಿವಮೊಗ್ಗ

ಸಂಕೋಚ ಬಿಡಿ ಸರ್. ಊರೂರಿನ ದರ್ಜಿಗಳೆಲ್ಲ ಗಂಡಸರೇ ಅಲ್ವಾ. ಬೆಳಗ್ಗೆ ಬೆಳಕು ಚೆನ್ನಾಗಿರುವಾಗ ಸೊಸೆಯ ಕೈಲಿ ಏಳೆಂಟು ಸೂಜಿಗೆ ದಾರ ಪೋಣಿಸಿಸಿ, ಒಂದು ದಿಂಬಿಗೆ ಚುಚ್ಚಿಟ್ಟುಕೊಳ್ಳಿ. ತಿಳಿ ಬಟ್ಟೆಗೆ ಗಾಢ ದಾರ, ಗಾಢ ಬಟ್ಟೆಗೆ ಬಿಳಿ ದಾರ ತಗೊಂಡರೆ ಹೊಲಿಗೆ ಎಲ್ಲಿದೆ ಅಂತ ಹುಡುಕಬೇಕಿಲ್ಲ. ಹೊಲಿಗೆ ಉದ್ದುದ್ದ ಬಂದರೂ ಚಿಂತೆಯಿಲ್ಲ, ಸಾಲಿಂದ ಸಾಲಿಗೆ ಒಂದು ಬೆರಳಷ್ಟು ಅಂತರ ಇದ್ದರೆ ಪದರ ಜಾರುವುದಿಲ್ಲ. ಇಬ್ಬರೂ ಒಂದೇ ಕೌದಿಗೆ ಎದುರುಬದುರು ಕೂತು ಹೊಲಿಯಿರಿ. ಬೇಗ ಮುಗಿಯುತ್ತದೆ, ಮಾತೂ ಆಗುತ್ತದೆ.

ಕೌದಿ ಹೊಲಿದು ಮಾರೋಣ ಅಂತ ಒಂದು ಅಂಗಡಿಗೆ ಕೊಟ್ಟೆ. "ಹಳೇ ಬಟ್ಟೆ ತಾನೇ" ಅಂತ ದಾರದ ಖರ್ಚಿಗೂ ಸಾಲದಷ್ಟು ಕೊಟ್ಟರು.
— ಓದುಗರು, ಬಾಗಲಕೋಟೆ

ಇದನ್ನು ಓದಿ ನನಗೆ ನಿಜವಾಗಿ ಸಿಟ್ಟು ಬಂತು. ಬಟ್ಟೆ ಹಳೇದಿರಬಹುದು, ನಿಮ್ಮ ದುಡಿಮೆ ಹಳೇದಲ್ಲ. ದಿನಕ್ಕೆ ಎಷ್ಟು ಗಂಟೆ ಕೂತಿರಿ ಅಂತ ಕ್ಯಾಲೆಂಡರಿನಲ್ಲಿ ಬರೆದಿಡಿ. ಗಂಟೆಗೆ ನಿಮ್ಮೂರಿನ ಕೂಲಿಗಿಂತ ಕಡಿಮೆ ಬರುವ ಹಾಗಿದ್ದರೆ ಕೊಡಲೇಬೇಡಿ, ಮನೆಯಲ್ಲೇ ಹೊದೆಯಿರಿ. ಒಬ್ಬರೇ ಹೋದರೆ ಚೌಕಾಸಿ ಮಾಡುತ್ತಾರೆ, ನಾಲ್ಕು ಜನ ಸೇರಿ ಒಂದೇ ಬೆಲೆ ಹೇಳಿ. ಸಿದ್ದಿ ಹೆಂಗಸರು 2004ರಲ್ಲಿ ಕೌದಿಗಾಗಿಯೇ ಒಂದು ಸಹಕಾರ ಸಂಘ ಮಾಡಿಕೊಂಡರು. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಅದಕ್ಕೆ ನೆರವಾದರು. ಅವರ ಕೌದಿಗಳು ಹೊರದೇಶಗಳ ಪ್ರದರ್ಶನಗಳಿಗೂ ಹೋಗಿವೆ. ನಿಮ್ಮ ಸ್ತ್ರೀಶಕ್ತಿ ಗುಂಪಿನಲ್ಲಿ ಈ ಮಾತು ಎತ್ತಿ ನೋಡಿ.

ಅಮ್ಮ ಕಳಿಸಿದ ಕೌದಿ ಇಲ್ಲಿನ ಚಳಿಗೆ ಸಾಲುತ್ತಿಲ್ಲ. ಮೆಷಿನ್ನಿಗೆ ಹಾಕೋಕೂ ಭಯ.
— ಓದುಗರು, ನ್ಯೂಜೆರ್ಸಿ

ನಮ್ಮ ಕೌದಿಯೊಳಗೆ ಅರಳೆ ಇರುವುದಿಲ್ಲ, ಬರೀ ಬಟ್ಟೆಯ ಪದರ. ನಿಮ್ಮ ಜನವರಿಗೆ ಅದೊಂದೇ ಸಾಲದು. ಹಿಂಬದಿಗೆ ಒಂದು ಹಳೇ ತೆಳು ಉಣ್ಣೆ ಕಂಬಳಿ ಇಟ್ಟು, ಅದರ ಮೇಲೆ ಹತ್ತಿ ಚಾದರ ಹೊದಿಸಿ, ನಾಲ್ಕೂ ಅಂಚಿಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಬೇಸಿಗೆ ಬಂದರೆ ಬಿಚ್ಚಿಡಬಹುದು, ಅಮ್ಮನ ಹೊಲಿಗೆಗೆ ಏನೂ ಆಗುವುದಿಲ್ಲ. ಒಗೆಯುವಾಗ ಉಣ್ಣೆಯನ್ನು ತೆಗೆದು, ಕೌದಿಯನ್ನು ಬಾತ್‌ಟಬ್ಬಿನಲ್ಲಿ ತಣ್ಣೀರು, ಸ್ವಲ್ಪ ಸೋಪಿನ ನೀರಲ್ಲಿ ನೆನೆಸಿ ಕಾಲಲ್ಲಿ ತುಳಿಯಿರಿ. ಹಿಂಡಬೇಡಿ, ಒದ್ದೆ ಕೌದಿಯ ಭಾರಕ್ಕೆ ದಾರ ಹರಿಯುತ್ತದೆ. ಟಬ್ಬಿನ ಅಂಚಿನ ಮೇಲೆ ಹಾಕಿ ನೀರು ಇಳಿಯಲು ಬಿಟ್ಟು, ಆಮೇಲೆ ಎರಡು ಕುರ್ಚಿಯ ಮೇಲೆ ಹರಡಿ. ಡ್ರೈಯರ್ ಬೇಡ. ಎಲ್ಲಾದರೂ ಹೊಲಿಗೆ ಬಿಟ್ಟಿದ್ದರೆ ಒಣಗಿದ ಮೇಲೆ, ಮಡಚಿಡುವ ಮೊದಲೇ ಅದೇ ಸಾಲಿನ ಮೇಲೆ ಹೊಲಿದುಬಿಡಿ.