ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದರೂ ಕಾಮಾಲೆ ಯಾಕೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಮಳೆ ಹಿಡಿದು ತಿಂಗಳಾದ ಮೇಲೆ ನಮ್ಮ ಕೇರಿಯ ಐದಾರು ಮನೆಗಳಲ್ಲಿ ಕಾಮಾಲೆ ಕಾಣಿಸಿತು. ನೀರುಗಂಟಿ ಟ್ಯಾಂಕಿಗೆ ತಪ್ಪದೆ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ಈಗ ಪರೀಕ್ಷೆ ಮಾಡಿಸಿದರೆ ನೀರು ಚೆನ್ನಾಗಿದೆ ಅಂತಲೇ ಬಂದಿದೆ. ಹಾಗಾದರೆ ರೋಗ ಬಂದದ್ದೆಲ್ಲಿಂದ? ನಲ್ಲಿ ನೀರಿಗಿಂತ ಗುಡ್ಡದಿಂದ ಹರಿದು ಬರುವ ಅಬ್ಬಿ ನೀರೇ ವಾಸಿ ಅಲ್ವಾ?

ಉತ್ತರ: ಮೊದಲು ದಿನದ ಲೆಕ್ಕ ಹಾಕೋಣ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಹೊಟ್ಟೆಗೆ ಹೋದ ಮೇಲೆ ಕಾಯಿಲೆ ಕಾಣಿಸಲು 15ರಿಂದ 50 ದಿನ ಹಿಡಿಯುತ್ತದೆ. ನೀವು ಪರೀಕ್ಷೆಗೆ ಕಳಿಸಿದ್ದು ಈಗಿನ ನೀರು. ಕಾಯಿಲೆ ತಂದದ್ದು ಬಹುಶಃ ಮೊದಲ ಮಳೆ ಹೊತ್ತಿನ ನೀರು. ಸಾಲದ್ದಕ್ಕೆ, ಮಾಮೂಲಿ ಪರೀಕ್ಷೆಯಲ್ಲಿ ಹುಡುಕುವುದು ಬ್ಯಾಕ್ಟೀರಿಯಾವನ್ನು, ವೈರಸ್ಸನ್ನಲ್ಲ.

ನನಗೆ ಟ್ಯಾಂಕಿಗಿಂತ ಪೈಪಿನ ಮೇಲೆ ಅನುಮಾನ ಜಾಸ್ತಿ. ನಮ್ಮ ಹಳ್ಳಿಗಳಲ್ಲಿ ನೀರು ಬಿಡುವುದೇ ಸ್ವಲ್ಪ ಹೊತ್ತು. ವಾಲ್ವ್ ಮುಚ್ಚಿದ ಮೇಲೆ ಇಳಿಜಾರಿನ ಕೆಳಗಿನ ಮನೆಯವರು ನಲ್ಲಿ ತಿರುಗಿಸಿದರೆ ಪೈಪಿನಲ್ಲಿ ಉಳಿದದ್ದೆಲ್ಲ ಅತ್ತ ಇಳಿಯುತ್ತದೆ, ಮೇಲ್ಭಾಗ ಖಾಲಿಯಾಗುತ್ತದೆ. ಆಗ ಪೈಪು ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಪೈಪು ಚರಂಡಿಯಲ್ಲೇ ಹಾದುಹೋಗಿ, ಅಲ್ಲೊಂದು ಜಾಯಿಂಟು ಸಡಿಲವಾಗಿದ್ದರೆ ಒಳಗೆ ಬರುವುದು ಚರಂಡಿ ನೀರೇ. ವಾಲ್ವ್ ಗುಂಡಿಯಲ್ಲಿ ಮಳೆನೀರು ನಿಂತಿದ್ದರೂ ಅದೇ ಕಥೆ. ನೀರು ಬಿಟ್ಟ ಕೂಡಲೇ ಮೊದಲ ಕೊಡ ಕೆಂಪಗೆ ಬರುತ್ತದಾ, ಗಮನಿಸಿ. ಕೆಸರಿದ್ದರೆ ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಅದಕ್ಕೇ ಖರ್ಚಾಗಿ ಹೋಗುತ್ತದೆ, ರೋಗಾಣು ಉಳಿದುಕೊಳ್ಳುತ್ತದೆ.

ಹಾಗಾಗಿ ಎಷ್ಟು ಪೌಡರ್ ಹಾಕಿದಿರಿ ಅಂತ ಕೇಳಿ ಸುಮ್ಮನಾಗಬೇಡಿ. ಕೇರಿಯ ಕೊನೆಯ ನಲ್ಲಿಯಲ್ಲಿ ಕ್ಲೋರೋಸ್ಕೋಪ್ (ನೀರಲ್ಲಿ ಉಳಿದ ಕ್ಲೋರಿನ್ ಅಳೆಯುವ ಸಾಧನ) ಹಿಡಿದು ತೋರಿಸಲು ಹೇಳಿ. ಅಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಟ್ಯಾಂಕಿನ ಹತ್ತಿರ ಸಿಕ್ಕಿ ಇಲ್ಲಿ ಸಿಗದಿದ್ದರೆ ನಡುವಿನ ಪೈಪನ್ನು ಅಗೆದು ನೋಡಲೇಬೇಕು. ಬಾಯಿ ಬಿಚ್ಚಿಟ್ಟ ಹಳೆ ಚೀಲದ ಪೌಡರಿಗೆ ಸತ್ವ ಇರುವುದಿಲ್ಲ, ಅದನ್ನೂ ವಿಚಾರಿಸಿ.

ಅಬ್ಬಿ ನೀರು ಕಣ್ಣಿಗೆ ತಿಳಿಯಾಗಿರುತ್ತದೆ, ನಿಜ. ಆದರೆ ಮೇಲುಗಡೆ ಕೊಟ್ಟಿಗೆಯೋ ದನ ಮೇಯುವ ಬ್ಯಾಣವೋ ಇದ್ದರೆ ಜೋರು ಮಳೆಗೆ ಸಗಣಿಯೆಲ್ಲ ತೊಳೆದು ಬರುವುದು ಅಲ್ಲಿಗೇ. ಕೆನಡಾದ ವಾಕರ್ಟನ್ ಊರಲ್ಲಿ 2000ನೇ ಇಸವಿಯ ಮೇ ತಿಂಗಳಲ್ಲಿ ಆದದ್ದು ಇದೇ. ಭಾರಿ ಮಳೆಗೆ ಗೊಬ್ಬರದ ರೋಗಾಣು ಊರಿಗೆ ನೀರು ಕೊಡುವ ಬಾವಿಗೆ ಸೇರಿತು. ಕ್ಲೋರಿನ್ ಸಾಕಷ್ಟು ಹಾಕಿರಲಿಲ್ಲ. 2,300ರಷ್ಟು ಜನ ಕಾಯಿಲೆ ಬಿದ್ದರು, 7 ಮಂದಿ ತೀರಿಕೊಂಡರು.

ಸದ್ಯಕ್ಕೆ ಎರಡೂ ನೀರನ್ನು ಕುದಿಸಿಯೇ ಕುಡಿಯಿರಿ. ಕೊತಕೊತ ಕುದಿ ಬಂದ ಮೇಲೆ 1 ನಿಮಿಷ ಬಿಟ್ಟರೆ ಸಾಕು. ಬೇಗ ಆರಲಿ ಅಂತ ಅದಕ್ಕೆ ತಣ್ಣೀರು ಬೆರೆಸುವ ರೂಢಿ ಇದ್ದರೆ ದಯವಿಟ್ಟು ಬಿಡಿ. ಇನ್ನೊಂದು ಮಾತು: ಕಾಮಾಲೆ ಹೆಪಟೈಟಿಸ್ ಇ ವೈರಸ್ಸಿನದ್ದಾದರೆ ಬಸುರಿಯರ ಜೀವಕ್ಕೇ ಅಪಾಯ. ಕೇರಿಯಲ್ಲಿ ಯಾರಾದರೂ ಬಸುರಿಗೆ ಕಣ್ಣು ಹಳದಿಯಾದರೆ ಮನೆಮದ್ದು ಮಾಡುತ್ತ ಕೂರದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.