ಡಿಸೆಂಬರ್‌ನಲ್ಲಿ ಹಕ್ಕಿ ನೋಡೋಕೆ ಮುಂಡಿಗೆಕೆರೆಗೆ ಹೋಗಬಹುದಾ?

ಕ್ರಿಸ್‌ಮಸ್ ರಜೆಗೆ ಮಕ್ಕಳ ಜೊತೆ ಶಿರಸಿಗೆ ಬರ್ತೀವಿ, ಸೋಂದಾದ ಮುಂಡಿಗೆಕೆರೆಯಲ್ಲಿ ಹಕ್ಕಿ ನೋಡೋಕೆ ಬೆಳಿಗ್ಗೆ ಎಷ್ಟು ಗಂಟೆಗೆ ಹೋಗಬೇಕು ಅಂತ ಕೇಳಿದ್ದೀರಿ.

ಸೋಂದಾ ಮಠಕ್ಕೆ ಹೋದವರು ಕೆರೆಯನ್ನೂ ನೋಡಿ ಬನ್ನಿ, ಅಡ್ಡಿ ಇಲ್ಲ. ಆದರೆ ಫೋಟೋಗಳಲ್ಲಿ ಕಾಣುವ ಆ ಬೆಳ್ಳಕ್ಕಿ ಜಾತ್ರೆ ಆಗ ಇರೋದಿಲ್ಲ. ಮಳೆ ಹಿಡಿದ ಮೇಲೆ ಬಂದು, ಕೆರೆ ನಡುವಿನ ಮುಂಡಿಗೆ ಪೊದೆಗಳಲ್ಲಿ ಗೂಡು ಕಟ್ಟುತ್ತವೆ. ಮರಿಗಳಿಗೆ ರೆಕ್ಕೆ ಬಲಿತ ಮೇಲೆ, ಚಳಿ ಶುರುವಾಗುವ ಹೊತ್ತಿಗೆ, ಜಾಗ ಖಾಲಿ ಮಾಡುತ್ತವೆ.

ಚಳಿಗಾಲಕ್ಕೆ ನನ್ನ ಓಟು ಅಘನಾಶಿನಿ ಅಳಿವೆಗೆ, ಅಂದರೆ ಆ ನದಿ ಕಡಲು ಸೇರುವ ಜಾಗಕ್ಕೆ. ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬನ್ನಿ. 2024ರಲ್ಲಿ ಇದು ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪಿನ ಆಗರದ ಕಡೆ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಅಂಚಿನಲ್ಲಿ ನಿಂತರೂ ಹಕ್ಕಿ ಸಿಗುತ್ತವೆ.

ಇಲ್ಲಿ ಗಡಿಯಾರಕ್ಕಿಂತ ಉಬ್ಬರ-ಇಳಿತ ಮುಖ್ಯ. ಐದು ಗಂಟೆಗೆ ಮಕ್ಕಳನ್ನು ಎಬ್ಬಿಸಿ ಕರ್ಕೊಂಡು ಬಂದರೂ ನೀರು ತುಂಬಿದ್ದರೆ ಹಕ್ಕಿಗಳು ಮೇಯುವ ಕೆಸರು ಬಯಲೇ ಮುಳುಗಿರುತ್ತದೆ. ಹಕ್ಕಿಗಳು ಎಲ್ಲೋ ದಂಡೆಯ ಮೇಲೆ ಒಂಟಿ ಕಾಲಲ್ಲಿ ನಿದ್ದೆ ಹೊಡೆಯುತ್ತಿರುತ್ತವೆ. ಹಿಂದಿನ ದಿನವೇ ಮೊಬೈಲಿನಲ್ಲಿ ಉಬ್ಬರ-ಇಳಿತದ ಸಮಯ ನೋಡಿಕೊಳ್ಳಿ. ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹಾಗಾಗಿ ನಿನ್ನೆಯ ಲೆಕ್ಕ ಇವತ್ತಿಗೆ ಆಗೋದಿಲ್ಲ. ನೀರು ಪೂರ್ತಿ ಇಳಿದಾಗ ಹಕ್ಕಿಗಳು ದೂರದೂರ ಚದುರಿರುತ್ತವೆ. ಮತ್ತೆ ಏರೋಕೆ ಶುರುವಾಯ್ತು ನೋಡಿ, ಅದೇ ಒಳ್ಳೇ ಹೊತ್ತು. ನೀರೇ ಅವನ್ನು ದಡದ ಕಡೆ ತಳ್ಳಿಕೊಂಡು ಬರುತ್ತದೆ.

ಹೆಸರು ಗೊತ್ತಿಲ್ಲದಿದ್ದರೆ ಸುಮ್ನೆ ನಡಿಗೆ ನೋಡಿ. ಪ್ಲೋವರ್ ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಂತು, ಒಂದು ಸಲ ಕುಕ್ಕಿ, ಮತ್ತೆ ಓಡುತ್ತದೆ. ಸ್ಯಾಂಡ್‌ಪೈಪರ್ ನಿಂತಲ್ಲೇ ಬಾಲ ಕುಣಿಸುತ್ತಿರುತ್ತದೆ. ಕರ್ಲ್ಯೂ ಕಂಡರೆ ಮಕ್ಕಳೇ ಗುರುತಿಸುತ್ತಾರೆ, ಕುಡುಗೋಲಿನಂತೆ ಬಾಗಿದ ಆ ಕೊಕ್ಕನ್ನು ಬುಡದವರೆಗೂ ಕೆಸರಿಗೆ ಇಳಿಸಿ ಏಡಿ ಎಳೆಯುತ್ತದೆ. ಕಂದು ತಲೆಯ ಕಡಲಕ್ಕಿ ಅಂತ ಪುಸ್ತಕದಲ್ಲಿ ಓದಿ ಕಂದು ತಲೆ ಹುಡುಕಬೇಡಿ. ಚಳಿಗಾಲದಲ್ಲಿ ಅದರ ತಲೆ ಬಿಳಿ, ಕಣ್ಣಿನ ಹಿಂದೆ ಕಪ್ಪು ಚುಕ್ಕೆ ಮಾತ್ರ.

ಎಂಟು ಪಟ್ಟು ಹತ್ತಿರ ತೋರಿಸುವ 8x42 ಬೈನಾಕ್ಯುಲರ್ ಇದ್ದರೆ ಧಾರಾಳ ಸಾಕು. ದೊಡ್ಡ ಲೆನ್ಸ್ ಹಿಡಿದು ಹಕ್ಕಿಗಳ ಹಿಂದೆ ಓಡುವವರನ್ನು ಕಂಡರೆ ನನಗಂತೂ ಸಿಟ್ಟು ಬರುತ್ತದೆ. ಸಾವಿರಾರು ಕಿಲೋಮೀಟರ್ ಹಾರಿ ಬಂದಿರುತ್ತವೆ, ಉಣ್ಣೋಕೆ ಬಿಡಬೇಕಲ್ವಾ?

ಕೆಸರಿಗೆ ಮಾತ್ರ ಇಳಿಯಬೇಡಿ, ಮೊಣಕಾಲವರೆಗೆ ಹೂತುಹೋಗುವ ಜಾಗಗಳಿವೆ. ಬಳಚು (ತಿನ್ನುವ ಚಿಪ್ಪು) ಆರಿಸುವವರು ಓಡಾಡುತ್ತಾರಲ್ಲ ಅಂತ ನೀವೂ ಹೊರಡಬೇಡಿ, ಅವರಿಗೆ ದಾರಿ ಗೊತ್ತು. ಎಲ್ಲಿ ನಿಂತರೆ ಒಳ್ಳೇದು ಅಂತ ಅವರನ್ನೇ ಕೇಳಿ, ಹೇಳುತ್ತಾರೆ.

ಘಟ್ಟದ ತಿರುವುಗಳಲ್ಲಿ ಮಕ್ಕಳಿಗೆ ವಾಂತಿ ಆಗುತ್ತೆ ಅನ್ನೋದಾದರೆ ಮುಂಡಗೋಡ ಕಡೆಯ ಅತ್ತಿವೇರಿ ಪಕ್ಷಿಧಾಮ ಇದೆ. ಅಣೆಕಟ್ಟಿನ ಹಿನ್ನೀರು, ಉಬ್ಬರದ ತಲೆಬಿಸಿ ಇಲ್ಲ. ಅಲ್ಲಿಗಾದರೆ ಬೆಳಿಗ್ಗೆ ಬೇಗ ಹೋಗಿ.