ಮೊದಲು ಒಳಗೆ ಬರುವವಳು

ಹಟ್ಟಿ, ವಯಸ್ಸು, ಸಂಬಂಧಗಳನ್ನು ಬದಲಿಸಿದ್ದೇನೆ. ತೊಡಕು ಮಾತ್ರ ತುಮಕೂರು, ಚಿತ್ರದುರ್ಗ ಸೀಮೆಯಲ್ಲಿ ಕುರಿ ಸಾಕುವ ಕಾಡುಗೊಲ್ಲರ ಹಟ್ಟಿಗಳಿಂದ ಮತ್ತೆ ಮತ್ತೆ ಬರುವಂಥದ್ದೇ.

ನನ್ನ ಬಳಿ ಸಲಹೆ ಕೇಳಿ ಬಂದವಳು ಏಳು ತಿಂಗಳ ಬಸುರಿ, ಜತೆಗೆ ಅತ್ತೆ. ಹೆರಿಗೆ ಆಸ್ಪತ್ರೆಯಲ್ಲೇ ಆದರೂ ಸೂತಕ ಕಳೆಯುವ ತನಕ ಬಾಣಂತಿ, ಮಗು ಹಟ್ಟಿಯ ಬೇಲಿಯಾಚೆಯ ಗುಡಿಸಲಲ್ಲಿರಬೇಕು. ಸೊಸೆಗೆ ಚಳಿಯ ಭಯ. ಅದು ನ್ಯಾಯವಾದದ್ದೇ. 2.5 ಕಿಲೋಗಿಂತ ಹಗುರಾದ ಕೂಸಿಗೆ ಮೈಯಲ್ಲಿ ಕೊಬ್ಬು ಕಡಿಮೆ, ಮೈಶಾಖ 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಯುತ್ತ ಹೋದರೆ ಹಾಲು ಎಳೆಯುವುದು ಕುಗ್ಗುತ್ತದೆ, ಅಳುವೂ ಸಣ್ಣಗಾಗುತ್ತದೆ. ಅಳದ ಮಗು ಹಾಯಾಗಿದೆ ಎಂದು ದೊಡ್ಡವರು ಸುಮ್ಮನಾಗುತ್ತಾರೆ.

ಎರಡನೇ ಭೇಟಿಯಲ್ಲಿ ಇದನ್ನೆಲ್ಲ ಕೇಳಿಸಿಕೊಂಡು ಅತ್ತೆ ಅಂದರು: "ಚಳಿ ನಂಗೊತ್ತಿಲ್ವಾ? ನಾನೂ ಅಲ್ಲೇ ಮಲಗಿದ್ದೋಳು. ಇವ್ಳೊಬ್ಳೇ ಒಳಗ್ ಬಂದು, ನಾಳೆ ಯಾರ್ದೋ ಹತ್ತು ಕುರಿ ಸತ್ರೆ, ಹಟ್ಟಿಯೆಲ್ಲ ಯಾರ್ ಕಡೆ ತಿರುಗ್ತದೆ?"

ಅಲ್ಲಿಗೆ ಮೂಢನಂಬಿಕೆಯ ಮಾತು ಬಿಟ್ಟೆ. ಹಟ್ಟಿಯವರ ದೈವಗಳಾದ ಜುಂಜಪ್ಪ, ಎತ್ತಪ್ಪರ ಮೇಲಿನ ಭಕ್ತಿಗಿಂತ ಅಲ್ಲಿ ಹೆಚ್ಚಿದ್ದದ್ದು ಮೊದಲಿಗಳಾಗುವ ದಿಗಿಲು. ಕುರಿಯೇ ಆಸ್ತಿಯಾದ ಕಡೆ ರೋಗಕ್ಕೂ ಹೊಣೆಗಾರರು ಬೇಕಾಗುತ್ತಾರೆ. ಎಲ್ಲರೂ ಒಳಗೊಳಗೇ ಬೇಡವೆಂದುಕೊಂಡ ರೂಢಿಯೂ ಹಾಗೆಯೇ ಬಾಳುತ್ತದೆ.

ಹಾಗಾಗಿ ಕೊಟ್ಟ ಸಲಹೆ: ಒಂಟಿಯಾಗಿ ಬರಬೇಡಿ. ಹಟ್ಟಿಯಲ್ಲಿ ಬಸುರಿಯರಿರುವ ಇನ್ನೆರಡು ಮನೆ ಹಿಡಿಯಿರಿ, ಮಾತನ್ನು ಅತ್ತೆಯರೇ ಎತ್ತಲಿ. ಎಂಟು ತಿಂಗಳು ತುಂಬುವ ಮೊದಲೇ ಪೂಜಾರಿಯ ಬಳಿ ಹೋಗಿ. ಹೆರಿಗೆಯಾದ ಮೇಲೆ ಕೇಳಿದರೆ ಅದು ಜಗಳ. "ಸೂತಕ ಇಲ್ಲ" ಅನ್ನಬೇಡಿ. ತೀರ್ಥ ಹಾಕಿಸಿಕೊಂಡು ಮನೆಯ ಒಂದು ಕೋಣೆಯಲ್ಲಿ ಸೂತಕ ಆಚರಿಸುತ್ತೇವೆ ಅನ್ನಿ. ಒಪ್ಪದಿದ್ದರೆ ಗುಡಿಸಲಿಗಲ್ಲ, ಪಟ್ಟಣದ ನೆಂಟರ ಪಕ್ಕಾ ಮನೆಗೆ. ಆಶಾ ಕಾರ್ಯಕರ್ತೆಗೆ ವಿಳಾಸ ಮೊದಲೇ ತಿಳಿಸಿ. ಹೆರಿಗೆಯಾದ 3, 7, 14, 21, 28, 42ನೇ ದಿನದ ಆಕೆಯ ಭೇಟಿ ತಪ್ಪಬಾರದು. ಕೂಸು ತಾಯಿಯ ಬರಿ ಎದೆಗೆ ಒತ್ತಿಕೊಂಡಿರಲಿ, ತಲೆಗೆ ಟೋಪಿ ಇರಲಿ. ಪಾದ ತಣ್ಣಗಾಗಿ ಕೂಸು ಹಾಲು ಕುಡಿಯುವುದನ್ನು ಬಿಟ್ಟರೆ ಯಾರನ್ನೂ ಕೇಳದೆ 108.

ದೂರು ಯಾಕೆ ಕೊಡಿಸಲಿಲ್ಲ ಎಂದು ಸಹೋದ್ಯೋಗಿಗಳು ಕೇಳಿದರು. ಬಾಣಂತಿಯನ್ನು ಬಲವಂತವಾಗಿ ಹೊರಗಿಡುವುದು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯಡಿ ಅಪರಾಧ. ಅದನ್ನು ಅತ್ತೆಗೂ ಹೇಳಿದ್ದೆ. ಆದರೆ ಪೊಲೀಸ್ ಜೀಪು ಹಿಂದಿರುಗಿದ ಮೇಲೂ ಆ ಹುಡುಗಿ ಅಲ್ಲೇ ಬಾಳಬೇಕು. ಜೀವಕ್ಕೆ ಕುತ್ತು ಬಂದಿದ್ದರೆ ನಾನೇ ಫೋನ್ ಮಾಡುತ್ತಿದ್ದೆ. ನಮಗೆ ಎರಡು ತಿಂಗಳ ಸಮಯವಿತ್ತು. ಬೇಲಿಯಾಚೆ ಇನ್ನೂ ಒಳ್ಳೆಯ ಕೋಣೆ ಕಟ್ಟಿಸಿಕೊಡುವುದನ್ನೂ ನಾನು ಒಪ್ಪುವುದಿಲ್ಲ. ಗೋಡೆ ಗಟ್ಟಿಯಾದಷ್ಟೂ ರೂಢಿ ಗಟ್ಟಿ.

ಎರಡು ಮನೆಗಳು ಒಪ್ಪಿದವು. ಮೂರನೆಯ ಮನೆಯವರು ಸೊಸೆಯನ್ನು ತವರಿಗೆ ಕಳಿಸಿದರು. ಪೂಜಾರಿ ತೀರ್ಥ ಕೊಟ್ಟರು, ಒಪ್ಪಿದೆ ಎಂದು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.